ಸೋಪಿಗೆ ಅನುಮತಿ ಪತ್ರ ಇದೆಯಾ?

ರೋಗ ತಡೆಯುವ ಸಂಶೋಧನೆಗೆ ಒಂದು ಶಾಪವಿದೆ. ಎಷ್ಟೋ ಸಲ ಅದರ ಉತ್ತರ ತೀರಾ ಸುಲಭವಾಗಿರುತ್ತದೆ. ಆಪರೇಷನ್ ಮಾಡುವ ರೋಬಾಟ್ ಬಂತು ಅಂದರೆ ಗಣ್ಯರು ಬಂದು ಟೇಪು ಕತ್ತರಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಕೈ ತೊಳೆದುಕೊಂಡರೆ ಸಾಕು ಅಂದರೆ? ನಲ್ಲಿಗೆ ಟೇಪು ಕಟ್ಟುವವರು ಯಾರು?

ಇದು ತಿಳಿಯದೆ ಕೆಟ್ಟವರು ಡಾಕ್ಟರ್ ಸೆಮ್ಮೆಲ್‌ವೈಸ್. 1847, ವಿಯೆನ್ನಾದ ದೊಡ್ಡಾಸ್ಪತ್ರೆ. ಅಲ್ಲಿ ಎರಡು ಹೆರಿಗೆ ವಿಭಾಗ. ಒಂದರಲ್ಲಿ ಡಾಕ್ಟರುಗಳು ಮತ್ತು ಅವರ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಓದಿದವರ ಕಡೆ 100 ಬಾಣಂತಿಯರಲ್ಲಿ ಸುಮಾರು 10 ಜನ ಸಾಯುತ್ತಿದ್ದರು. ಸೂಲಗಿತ್ತಿಯರ ಕಡೆ ಅದರ ಅರ್ಧಕ್ಕಿಂತ ಕಡಿಮೆ. ಬಸುರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಡಾಕ್ಟರುಗಳ ಕಡೆ ಹಾಕಬೇಡಿ ಅಂತ ಅತ್ತು ಬೇಡಿಕೊಳ್ಳುತ್ತಿದ್ದರು. ಯಾಕೆ ಹೀಗೆ ಅಂತ ಮಾತ್ರ ವಿದ್ಯಾವಂತರಿಗೂ ಗೊತ್ತಿರಲಿಲ್ಲ.

ಕಾರಣ ಇಷ್ಟೇ. ಡಾಕ್ಟರುಗಳು ಹೆಣ ಕೊಯ್ದು, ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. ಸೆಮ್ಮೆಲ್‌ವೈಸ್ ಬಾಗಿಲಲ್ಲಿ ಕ್ಲೋರಿನ್ ಬೆರೆಸಿದ ಸುಣ್ಣದ ನೀರಿಟ್ಟು ಕೈ ತೊಳೆಸಿದರು. ಕೆಲವೇ ತಿಂಗಳಲ್ಲಿ ಸಾವು 100ಕ್ಕೆ 2ರ ಆಸುಪಾಸಿಗೆ ಇಳಿಯಿತು. ಹಾರ ಹಾಕಿದರು ಅಂದುಕೊಂಡಿರಾ? ದೊಡ್ಡವರ ಕೈಯನ್ನು ಕೊಳಕು ಅಂದವನಿಗೆ ಹಾರವೇ? ಅವರ ಕೆಲಸವೇ ಮುಂದುವರಿಯಲಿಲ್ಲ. 1865ರಲ್ಲಿ ಹುಚ್ಚಾಸ್ಪತ್ರೆಯೊಂದರಲ್ಲಿ ಸತ್ತರು. ಅದೂ ಗಾಯಕ್ಕೆ ನಂಜೇರಿ.

ಹಳೇ ಕಾಲ, ಬಿಡಿ ಅಂತೀರಾ? ಹಾಗಾದರೆ ಅಮೆರಿಕಕ್ಕೆ ಬನ್ನಿ.

ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ಪೀಟರ್ ಪ್ರೊನೊವೋಸ್ಟ್ ಎಂಬ ಡಾಕ್ಟರು ಐದು ಸಾಲಿನ ಒಂದು ಪಟ್ಟಿ ಜಾರಿಗೆ ತಂದರು. ರೋಗಿಯ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುವ ಮುಂಚೆ ಕೈ ತೊಳೆಯಿರಿ. ಚರ್ಮ ಶುದ್ಧ ಮಾಡಿ. ಮೈತುಂಬ ಹೊದಿಕೆ ಹಾಕಿ. ಸಾಧ್ಯವಾದರೆ ತೊಡೆಸಂದಿಯಲ್ಲಿ ಚುಚ್ಚಬೇಡಿ. ಕೊಳವೆ ಬೇಡವಾದ ಕೂಡಲೇ ತೆಗೆಯಿರಿ. ಅಷ್ಟೇ! ಹೊಸ ಔಷಧಿ ಇಲ್ಲ, ಮಿಷನ್ ಇಲ್ಲ. ಕೊಳವೆಯಿಂದ ಬರುವ ಸೋಂಕಿನ ಮೂರರಲ್ಲಿ ಎರಡು ಪಾಲಿನವರೆಗೂ ಇಲ್ಲವಾಯಿತು ಅಂತ 2006ರಲ್ಲಿ ವರದಿ ಬಂತು.

ಮರುವರ್ಷ ಸರ್ಕಾರದ ಕಚೇರಿಯೊಂದು ಎಚ್ಚರವಾಯಿತು. ಸಂಶೋಧನೆಗೆ ಒಳಗಾಗುವ ಮನುಷ್ಯರನ್ನು ಕಾಯುವ ಕಚೇರಿ ಅದು. ನಿಯಮದ ಪ್ರಕಾರ ಇದು ಮನುಷ್ಯರ ಮೇಲಿನ ಪ್ರಯೋಗ, ಒಪ್ಪಿಗೆ ಪತ್ರ ಎಲ್ಲಿ ಅಂತ ಕೇಳಿತು. ಸೋಂಕಿನ ಲೆಕ್ಕ ಬರೆದಿಡುವ ಕೆಲಸ ನಿಂತಿತು. ಜನ ಉಗಿದ ಮೇಲೆ 2008ರಲ್ಲಿ ಆಯ್ತು, ಮುಂದುವರಿಸಿ ಅಂದಿತು.

ಆ ಒಪ್ಪಿಗೆ ಪತ್ರ ಹೇಗಿರುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. 'ನನ್ನ ಡಾಕ್ಟರು ಕೈ ತೊಳೆದುಕೊಂಡು ಬರುವುದಕ್ಕೆ ನನ್ನದೇನೂ ತಕರಾರಿಲ್ಲ. ಇದರಿಂದ ಬದುಕಿ ಉಳಿಯುವ ಅಪಾಯ ಇದೆ ಎಂದು ನನಗೆ ತಿಳಿಸಲಾಗಿದೆ.' ಕೆಳಗೆ ಸಹಿ, ಇಬ್ಬರು ಸಾಕ್ಷಿ.

ಇದರಲ್ಲಿರುವ ತರ್ಕ ನೋಡಿ, ಎಂಥ ಸೊಗಸು! ಎಲ್ಲರೂ ಕೈ ತೊಳೆದು ಲೆಕ್ಕ ಬರೆದಿಟ್ಟರೆ ಅದು ಪ್ರಯೋಗ, ಅನುಮತಿ ಬೇಕು. ತೊಳೆಯದೆ, ಲೆಕ್ಕವನ್ನೂ ಇಡದೆ ಸುಮ್ನೆ ಇದ್ದರೆ ಅದು ಮಾಮೂಲು ಚಿಕಿತ್ಸೆ. ಅದಕ್ಕೆ ಯಾರ ಸಹಿಯೂ ಬೇಡ.

ಈಗ ಪ್ರಗತಿ ಆಗಿಲ್ಲ ಅಂತಲ್ಲ. ಕೈ ತೊಳೆಯುವುದಕ್ಕೆ ಅಂತಲೇ ಜಗತ್ತು ವರ್ಷದಲ್ಲಿ ಎರಡು ದಿನ ಮೀಸಲಿಟ್ಟಿದೆ. ಮೇ 5 ಮತ್ತು ಅಕ್ಟೋಬರ್ 15. ಎಡಗೈಗೊಂದು, ಬಲಗೈಗೊಂದು ಇರಬೇಕು. ವಾರ್ಡಿನಲ್ಲಿ ಯಾರು ತೊಳೆಯುತ್ತಾರೆ, ಯಾರು ಬಿಡುತ್ತಾರೆ ಅಂತ ಬರೆದುಕೊಳ್ಳುವವರೂ ಇದ್ದಾರೆ. ಅವರು ಕಣ್ಣಿಗೆ ಬಿದ್ದರೆ ಎಲ್ಲರೂ ಜಾಸ್ತಿ ತೊಳೆಯುತ್ತಾರೆ. ಇದನ್ನೂ ಸಂಶೋಧನೆಯಿಂದಲೇ ಕಂಡುಹಿಡಿದರು. ನಮ್ಮ ಶಾಲೆಯ ಹಿಂದಿನ ಬೆಂಚಿನವರನ್ನು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದರು.

ಇದೂ ಸಾಲದು ಅಂತ ಹಲವು ಕಡೆ ಹೊಣೆಯನ್ನು ರೋಗಿಗೇ ವಹಿಸಿದ್ದಾರೆ. ರೋಗಿಯ ಸಬಲೀಕರಣ ಅಂತ ಇದಕ್ಕೆ ಹೆಸರು. ಸಂಕೋಚ ಬೇಡ, ಕೈ ತೊಳೆದಿದ್ದೀರಾ ಅಂತ ಡಾಕ್ಟರನ್ನು ನೀವೇ ಕೇಳಿ ಅಂತ ಗೋಡೆ ಮೇಲೆ ಪೋಸ್ಟರು.

ಸರಿ, ಮಂಚದ ಮೇಲೆ ಮಲಗಿದ್ದೀರಿ. ಜ್ವರ, ಮೂಗಿಗೆ ನಳಿಗೆ, ಬೆನ್ನ ಹಿಂದೆ ಕಟ್ಟುವ ಅಂಗಿ, ಅದೂ ಕಟ್ಟಿಲ್ಲ. ಎದುರಿಗೆ ಆರು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ದೊಡ್ಡ ಡಾಕ್ಟರು. ಕೈಯಲ್ಲಿ ಸೂಜಿ. ಪೂರ್ತಿ ಸಬಲರಾದ ನೀವು ಬಾಯಿ ತೆರೆಯುತ್ತೀರಿ.

"ಸರ್, ಕೈ..."

"ಏನಂದ್ರಿ?"

"ಯಾವ ಕೈ ಕೊಡ್ಲಿ ಅಂದೆ ಸರ್."