ಮಾವನೋ ಬಾವನೋ, ತುಟಿ ನೋಡಿ ಹೇಳಿ

ಕನ್ನಡಿ ಮುಂದೆ ನಿಂತು, ದನಿ ತೆಗೆಯದೆ, ಒಮ್ಮೆ ‘ಮಾವ’ ಅನ್ನಿ. ಆಮೇಲೆ ‘ಬಾವ’ ಅನ್ನಿ. ತುಟಿ ಎರಡಕ್ಕೂ ಒಂದೇ ಥರ ಮುಚ್ಚಿ ತೆರೆಯುತ್ತದೆ. ‘ಕಾಗೆ’ ಅಂದರಂತೂ ಕೆಲಸವೆಲ್ಲ ಬಾಯಿಯ ಹಿಂಭಾಗದಲ್ಲೇ, ಹೊರಗೆ ಏನೂ ಕಾಣುವುದಿಲ್ಲ. ತುಟಿ ನೋಡಿ ಮಾತು ಕಲಿ ಅಂತ ಕಿವಿ ಕೇಳದ ಮಗುವಿಗೆ ಹೇಳುವವರು ಇದನ್ನೊಮ್ಮೆ ಮಾಡಿ ನೋಡಬೇಕು.

ನಾನು ತೀರ್ಥಹಳ್ಳಿ ಕಡೆಯವಳು. ಮದುವೆಯಾಗಿ ಅಮೆರಿಕಕ್ಕೆ ಹೋದೆ. ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಸಹಾಯಕಿಯಾಗಿ ಸೇರಿ, ಓದಿ ಟೀಚರ್ ಆಗಿ, ಈಗ ಅಲ್ಲೇ ಅಸಿಸ್ಟೆಂಟ್ ಪ್ರಿನ್ಸಿಪಾಲ್. ಹೆಸರು ದೊಡ್ಡದು. ಬೆಳಗ್ಗೆ ಬಸ್ಸಿನ ಹತ್ತಿರ ನಿಲ್ಲುವುದು, ಟೀಚರ್ ರಜೆ ಹಾಕಿದರೆ ಬದಲಿ ಹುಡುಕುವುದು, ವರ್ಷಕ್ಕೊಮ್ಮೆಯಾದರೂ ಪ್ರತಿ ಮಗುವಿನ ಅಪ್ಪ-ಅಮ್ಮನ ಜೊತೆ ಕೂತು ಆ ಮಗುವಿನ ಕಲಿಕೆಯ ಯೋಜನೆ ಬರೆಯುವುದು, ಜಗಳ ಬಿಡಿಸುವುದು. ಬೈಯುವುದೂ ನನ್ನ ಪಾಲಿಗೇ. ಅದೇನು ಸುಲಭ ಅಂದುಕೊಂಡಿರಾ? ಬೈಸಿಕೊಂಡು ಸಾಕಾದರೆ ನಮ್ಮ ಹುಡುಗರು ಕಣ್ಣು ಮುಚ್ಚಿಕೊಂಡುಬಿಡುತ್ತಾರೆ. ಮುಗೀತು. ಅವರಾಗಿ ಕಣ್ಣು ಬಿಡುವವರೆಗೆ ನಾನು ಸುಮ್ನೆ ನಿಂತಿರಬೇಕು.

ನಮ್ಮ ಪ್ರಿನ್ಸಿಪಾಲ್ ಹುಟ್ಟಿನಿಂದ ಕಿವುಡರು. ಶುರುವಿನಲ್ಲಿ ಒಂದು ದಿನ ಊಟದ ಮೇಜಿನಲ್ಲಿ ಅವರ ಎದುರೇ ನಾನು ಇನ್ನೊಬ್ಬ ಟೀಚರ್ ಜೊತೆ ಬಾಯಲ್ಲಿ ಮಾತಾಡುತ್ತಾ ಕೂತಿದ್ದೆ. ಸನ್ನೆ ಮಾಡಲು ಕೈ ಎತ್ತಲಿಲ್ಲ. ಅವರು ಮೇಜು ತಟ್ಟಿ, ‘ನನ್ನ ಶಾಲೆಯಲ್ಲಿ ನನ್ನನ್ನೇ ಹೊರಗೆ ಕೂರಿಸಿದೆಯಲ್ಲ’ ಅಂದರು. ಆಡಿದ್ದು ಕೈಯಲ್ಲೇ ಆದರೂ ಆ ಬೈಗುಳ ಇವತ್ತಿಗೂ ಕಿವಿಯಲ್ಲಿದೆ.

ಈ ಸಲ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಅಡಿಕೆ ಸುಲಿತದ ಗಡಿಬಿಡಿ. ಪಕ್ಕದ ಮನೆಯ ಮೊಮ್ಮಗನಿಗೆ ಹತ್ತು ವರ್ಷ, ಕಿವಿ ಕೇಳುವುದಿಲ್ಲ. ಶಿವಮೊಗ್ಗದ ಶಾಲೆಯ ಹಾಸ್ಟೆಲ್‌ನಲ್ಲಿದ್ದಾನೆ, ಶನಿವಾರ ಮನೆಗೆ ಬಂದಿದ್ದ. ಅಜ್ಜಿ ಮೆಟ್ಟುಗತ್ತಿ ಮೇಲೆ ಕೂತು ಸುಲಿಯುತ್ತಲೇ ನಡುನಡುವೆ ಅವನ ಜೊತೆ ಹರಟುತ್ತಿದ್ದರು. ಗದ್ದ ಎತ್ತಿ ಅಂಗಳ ತೋರಿಸಿದರೆ ‘ಅಡಿಕೆ ಹರವು’. ಟಿಕೆಟ್ ಹರಿದ ಹಾಗೆ ಮಾಡಿದರೆ ಬಸ್ಸು. ಮೂಗುಬೊಟ್ಟಿನ ಜಾಗ ಮುಟ್ಟಿದರೆ ಅಮ್ಮ. ನನಗೆ ನಗು ಬಂತು. ಭಾರತೀಯ ಸನ್ನೆ ಭಾಷೆಯಲ್ಲೂ ಹೆಂಗಸಿಗೆ ಮೂಗುಬೊಟ್ಟು, ಗಂಡಸಿಗೆ ಮೀಸೆ. ಅಮೆರಿಕದಲ್ಲಿ ಐದೂ ಬೆರಳು ಬಿಡಿಸಿ ಹೆಬ್ಬೆರಳನ್ನು ಗದ್ದಕ್ಕೆ ಇಟ್ಟರೆ ಅಮ್ಮ, ಹಣೆಗೆ ಇಟ್ಟರೆ ಅಪ್ಪ.

ಅಜ್ಜಿ ಯಾವ ಕ್ಲಾಸಿಗೂ ಹೋದವರಲ್ಲ. ಅಮೆರಿಕದ ನಮ್ಮ ಶಾಲೆಯಲ್ಲಿ ತಂದೆತಾಯಿಗೆ ಪುಕ್ಕಟೆ ಸನ್ನೆ ಕ್ಲಾಸ್ ಇಟ್ಟರೂ ಎಷ್ಟೋ ಜನ ಬರುವುದಿಲ್ಲ. ಹದಿನಾಲ್ಕು ವರ್ಷದ ಸ್ವಂತ ಮಗನ ಜೊತೆ ಮಾತಾಡಲು ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಅಪ್ಪನನ್ನು ನೋಡಿದ್ದೇನೆ. ದೀಪ ಮಿನುಗಿಸುವ ಬೆಲ್ಲು, ಎಲ್ಲರ ಕೈ ಎಲ್ಲರಿಗೂ ಕಾಣಲೆಂದು ಅರ್ಧ ಚಂದ್ರದ ಹಾಗೆ ಹಾಕಿದ ಬೆಂಚು, ಕಾನೂನು, ಎಲ್ಲ ಇದ್ದೂ ಇದೊಂದು ಇಲ್ಲ. ಈ ವಿಷಯದಲ್ಲಿ ನಮ್ಮ ಮಲೆನಾಡಿನ ಜಗಲಿಯೇ ವಾಸಿ.

ಆದರೆ ಜಗಲಿಯ ಸನ್ನೆ ಎಲ್ಲಿಯವರೆಗೆ? ಹೋದ ವರ್ಷ ಆ ಮನೆಯ ಅಜ್ಜ ತೀರಿಕೊಂಡರು. ಅಜ್ಜ ಎಲ್ಲಿ ಅಂತ ಹುಡುಗ ಕೇಳಿದ್ದಕ್ಕೆ ಅಜ್ಜಿ ಮೇಲೆ ಬೆರಳು ತೋರಿಸಿದರಂತೆ. ಅವನು ಏಣಿ ಹತ್ತಿ ಅಟ್ಟವನ್ನೆಲ್ಲ ಹುಡುಕಿದ. ಒಂದು ಸಲ ಅಲ್ಲ, ಮೂರು ದಿನ. ಸಾವು, ನಾಳೆ, ಯಾಕೆ, ಒಂದು ವೇಳೆ, ಇವಕ್ಕೆಲ್ಲ ಪೂರ್ತಿ ಭಾಷೆಯೇ ಬೇಕು. ಅದು ಶಾಲೆಯಲ್ಲಿ ಸಿಗಬೇಕು.

ಶಿವಮೊಗ್ಗದಲ್ಲಿ ಒಂದು ಶಾಲೆಗೆ ಹೋಗಿದ್ದೆ. ಟೀಚರ್ ಒಳ್ಳೆಯವರು, ಕಾಫಿ ಕೊಟ್ಟರು. ‘ಕೈ ಆಡಿಸಲು ಬಿಟ್ಟರೆ ಬಾಯಿ ಬರಲ್ಲ ಮೇಡಂ’ ಅಂದರು. ಹೊಸ ಮಾತೇನಲ್ಲ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಶಿಕ್ಷಕರ ಸಮ್ಮೇಳನವೊಂದು ಇದನ್ನೇ ಠರಾವು ಮಾಡಿತು. ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಅದರ ನಂತರ ಶಾಲೆ ಶಾಲೆಯಲ್ಲೂ ಸನ್ನೆಗೆ ಬಾಗಿಲು ಹಾಕಿದರು. ಸನ್ನೆ ಮಾಡಿದ್ದಕ್ಕೆ ಕೈಗೆ ಸ್ಕೇಲಿನ ಏಟು ತಿಂದ ಹಿರಿಯ ಸಹೋದ್ಯೋಗಿಗಳು ನನಗಿದ್ದಾರೆ. ಅದೇ ಸಮ್ಮೇಳನದ ಮುಂದಿನವರು ಕೆನಡಾದ ವ್ಯಾಂಕೂವರ್‌ನಲ್ಲಿ ವಿಷಾದ ಹೇಳಿದ್ದು 2010ರಲ್ಲಿ. 130 ವರ್ಷ!

ಕಿವಿಗೆ ಹಾಕುವ ಮೆಷಿನ್ ಬೇಡ, ಮಾತು ಕಲಿಸಬೇಡಿ ಅನ್ನುತ್ತಿಲ್ಲ. ಕಲಿಸಿ. ಆದರೆ ಅದಕ್ಕೂ ಬೇಗ ಗೊತ್ತಾಗಬೇಕಲ್ವಾ? ಹುಟ್ಟಿದ ತಿಂಗಳೊಳಗೆ ಕಿವಿ ತಪಾಸಣೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ-ಕಲಿಕೆ ಶುರು ಅನ್ನುವುದು ಅಮೆರಿಕದ ಲೆಕ್ಕ. ಇಲ್ಲಿ ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಅನ್ನುತ್ತಾ ಮೂರು ಮಳೆಗಾಲ ಕಳೆಯುತ್ತದೆ. ಆಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೊರಡುತ್ತಾರೆ. 1965ರಿಂದ ಇರುವ ಸಂಸ್ಥೆ, ತೀರ್ಥಹಳ್ಳಿಯಿಂದ ಪೂರ್ತಿ ಒಂದು ದಿನದ ಪ್ರಯಾಣ. ಅಷ್ಟು ವರ್ಷ ಆ ಮಗುವಿನ ತಲೆ ಏನು ಹಿಡಿದುಕೊಂಡು ಬೆಳೆಯಬೇಕು?

ಅಮೆರಿಕದಿಂದ ಒಂದೇ ಒಂದನ್ನು ತರಬಹುದು ಅಂದರೆ ನಾನು ಕಿವುಡ ಟೀಚರನ್ನು ತರುತ್ತೇನೆ. ಅಲ್ಲೂ ಇದು ತಾನಾಗಿ ಬಂದದ್ದಲ್ಲ. ವಾಷಿಂಗ್ಟನ್ನಿನ ಗ್ಯಾಲೊಡೆಟ್ ಕಿವುಡರಿಗಾಗಿಯೇ 1864ರಲ್ಲಿ ಶುರುವಾದ ಕಾಲೇಜು, ಈಗ ವಿಶ್ವವಿದ್ಯಾಲಯ. 124 ವರ್ಷ ಅದರ ಮುಖ್ಯಸ್ಥರೆಲ್ಲ ಕಿವಿ ಕೇಳುವವರೇ. 1988ರಲ್ಲಿ ಮತ್ತೆ ಕಿವಿ ಕೇಳುವವರನ್ನೇ, ಅದೂ ಸನ್ನೆ ಭಾಷೆಯೇ ಬಾರದವರೊಬ್ಬರನ್ನು ಆರಿಸಿದಾಗ ವಿದ್ಯಾರ್ಥಿಗಳು ಗೇಟು ಮುಚ್ಚಿ ಕೂತರು. ಒಂದೇ ವಾರದಲ್ಲಿ ಐ. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು.

ನಮ್ಮಲ್ಲಿ ಕಾಗದದ ಮೇಲೆ ಕೊರತೆ ಕಡಿಮೆ. 2015ರಲ್ಲಿ ದೆಹಲಿಯಲ್ಲಿ ಸನ್ನೆ ಭಾಷೆಗೆಂದೇ ಕೇಂದ್ರ ಸರ್ಕಾರದ ಸಂಸ್ಥೆ ಬಂತು. ಅದರ ನಿಘಂಟಿನಲ್ಲಿ 10,000 ಪದಗಳಿವೆ, ಎಲ್ಲ ವಿಡಿಯೊ. ನಾನೂ ಅದನ್ನು ನೋಡಿಯೇ ಇಲ್ಲಿನ ಸನ್ನೆ ನಾಲ್ಕು ಕಲಿತದ್ದು. ಸನ್ನೆ ಭಾಷೆ ಕಲಿಸುವುದಕ್ಕೆ ಕಿವುಡರಿಗೆಂದೇ ಎರಡು ವರ್ಷದ ಡಿಪ್ಲೊಮಾ ಇದೆ. ಹಾಗೆ ಓದಿದ ಒಬ್ಬರನ್ನು ಪ್ರತಿ ಹಾಸ್ಟೆಲ್‌ಗೂ ತನ್ನಿ. ಟೀಚರ್ ಹುದ್ದೆ ಕೊಡಲು ನಿಯಮ ಅಡ್ಡ ಬಂದರೆ ವಾರ್ಡನ್ ಮಾಡಿ. ರಾತ್ರಿ ಊಟ ಬಡಿಸುತ್ತಾ ಮಕ್ಕಳ ಜೊತೆ ಹರಟುವುದಕ್ಕೆ ಒಬ್ಬರು ಬೇಕು, ಅಷ್ಟೇ. ನನ್ನಂಥ ಕಿವಿ ಇರುವವರು ಎಷ್ಟು ಚೆನ್ನಾಗಿ ಕೈ ಆಡಿಸಿದರೂ ಆ ಜಾಗ ತುಂಬುವುದಿಲ್ಲ. ಇದು ನನ್ನ ಕೆಲಸಕ್ಕೇ ಕುತ್ತು ತರುವ ಮಾತು, ಇರಲಿ.

ಹೊರಡುವ ಹಿಂದಿನ ದಿನ ಹುಡುಗನಿಗೆ ಮೊಬೈಲಿನಲ್ಲಿ ನಮ್ಮ ಪ್ರಿನ್ಸಿಪಾಲ್ ಫೋಟೊ ತೋರಿಸಿದೆ. ಕಾರಿನ ಸ್ಟೇರಿಂಗ್ ಹಿಡಿದು ಕೂತಿದ್ದಾರೆ, ತಲೆಗೂದಲು ಬೆಳ್ಳಗೆ. ಕಿವಿ ಮುಟ್ಟಿ, ಕೈ ಅಲ್ಲಾಡಿಸಿ, ಇವರಿಗೂ ಕೇಳುವುದಿಲ್ಲ ಅಂದೆ. ನಂಬಲಿಲ್ಲ. ಮೊಬೈಲ್ ಕಿತ್ತುಕೊಂಡು, ಎರಡು ಬೆರಳಲ್ಲಿ ಫೋಟೊ ಹಿಗ್ಗಿಸಿ ಹಿಗ್ಗಿಸಿ ಅವರ ಕಿವಿಯಲ್ಲಿ ಮೆಷಿನ್ ಇದೆಯಾ ಅಂತ ಹುಡುಕಿದ. ಆಮೇಲೆ ಸ್ಟೇರಿಂಗ್ ನೋಡಿದ. ಮತ್ತೆ ಕಿವಿ ನೋಡಿದ. ಮೊಬೈಲ್ ಹಿಡಿದುಕೊಂಡೇ ಅಜ್ಜಿಯ ಹತ್ತಿರ ಓಡಿದ.