ಬಯಕೆ ಕೇಳೋ ಊರು, ಹೊಟ್ಟೆ ಅಳೆಯೋ ದೇಶ

ನಾನಿರೋದು ಇಂಗ್ಲೆಂಡಲ್ಲಿ, ಹೆಂಡ್ತಿ ಈಗ ಬಸುರಿ. ಮೊದಲನೇ ಅಪಾಯಿಂಟ್‌ಮೆಂಟಲ್ಲಿ ಮಿಡ್‌ವೈಫ್, ಅಂದ್ರೆ ಇಲ್ಲಿ ಬಸುರಿಯರನ್ನ ನೋಡ್ಕೊಳ್ಳೋ ಸೂಲಗಿತ್ತಿ, ಒಂದ್ ರಾಶಿ ಪ್ರಶ್ನೆ ಕೇಳಿದ್ರು, ಫೋಲಿಕ್ ಆಸಿಡ್ ತಗೋತಿದೀರಾ, ಸಿಗರೇಟು ಕುಡಿತ ಇದ್ಯಾ, ಅಪ್ಪ ಅಮ್ಮಂಗೆ ಶುಗರ್ ಇದ್ಯಾ, ಮನಸ್ಸು ಹೇಗಿದೆ, ಎಲ್ಲಾ ಬೇಕಾದ ಪ್ರಶ್ನೆಗಳೇ, ತುಂಬಾ ಪ್ರೀತಿಯಿಂದನೇ ಕೇಳಿದ್ರು. ಆದ್ರೆ ಏನ್ ತಿನ್ಬೇಕು ಅನ್ಸುತ್ತೆ ಅಂತ ಮಾತ್ರ ಯಾರೂ ಕೇಳ್ಲಿಲ್ಲ. ನಮ್ ಕಡೆ ಬಸುರಿ ಅಂತ ಗೊತ್ತಾದ್ರೆ ಮನೆ ಬಾಗಿಲಿಗೆ ಬರೋ ಮೊದಲನೇ ಪ್ರಶ್ನೆನೇ ಅದು.

ನನ್ ಅನಿಸಿಕೆ ಏನಂದ್ರೆ ಬಯಕೆ ವಿಷ್ಯದಲ್ಲಿ ನಮ್ಮೂರವ್ರು ಸರಿ, ಮಗು ಸೈಜ್ ವಿಷ್ಯದಲ್ಲಿ ಇಲ್ಲಿಯವ್ರು ಸರಿ, ಬಯಕೆಗೆ ಇಲ್ಲಿಯವ್ರ ರೀತಿ, ಸೈಜಿಗೆ ನಮ್ಮೂರ ರೀತಿ ಅಂತ ಅದಲು ಬದಲು ಮಾಡ್ಕೊಂಡ್ರೆ ಹೆಂಗಸ್ರಿಗೆ ಬರೀ ಹಿಂಸೆ.

ಬಯಕೆ ತೀರಿಸದಿದ್ರೆ ಹುಟ್ಟೋ ಮಗೂಗೆ ಕಿವಿ ಸೋರುತ್ತೆ ಅಂತ ನಮ್ಮಜ್ಜಿಯರು ಹೇಳೋರು. ಕಿವಿ ಸೋರೋದು ಇನ್ಫೆಕ್ಷನ್ನಿಂದ, ಬಯಕೆಗೂ ಅದಕ್ಕೂ ಸಂಬಂಧ ಇಲ್ಲ. ಆದ್ರೆ ಆ ಒಂದು ಮಾತಿನ ಹೆದರಿಕೆಗೆ ಇಡೀ ಮನೆ ಓಡಾಡ್ತಿತ್ತಲ್ಲ, ಸೊಸೆ ಬಾಯಿ ಬಿಟ್ಟು ಏನನ್ನೂ ಕೇಳೋ ಹಾಗಿಲ್ಲದ ಮನೇಲೂ ಆ ಕೆಲವು ತಿಂಗಳು ಅವಳ ಬಾಯಿರುಚಿಗೆ ಒಂದು ಬೆಲೆ ಇತ್ತು, ಕುಬುಸದ ಬುತ್ತಿ ಇರ್ಲಿ ಸೀಮಂತದ ಊಟ ಇರ್ಲಿ ಅದ್ರ ತಿರುಳು ಇದೇ ಅಂತ ನಂಗನ್ಸುತ್ತೆ. ಹೋದ್ ತಿಂಗಳು ಇಲ್ಲಿನ ಕನ್ನಡದ ಹಿರಿಯರೊಬ್ರು ಮೊಸರಿನ ಡಬ್ಬಿ ತೊಳೆದು ಅದ್ರಲ್ಲಿ ಹುಣಸೆಹಣ್ಣು ಬೆಲ್ಲ ಜೀರಿಗೆ ಖಾರ ಉಪ್ಪು ಕುಟ್ಟಿ ಚಿಗಳಿ ಉಂಡೆ ಮಾಡ್ಕೊಂಡು ತಂದ್ಕೊಟ್ರು. ನನ್ ಹೆಂಡ್ತಿ ಕೋಟು ಕೂಡ ಬಿಚ್ಚದೆ ಬಾಗಿಲ ಹತ್ರನೇ ನಿಂತ್ಕೊಂಡು ಎರಡು ಉಂಡೆ ತಿಂದು ಆಮೇಲೆ ಬೆರಳು ನೆಕ್ಕಿದ್ಲು, ವಾಂತಿ ಶುರುವಾದ್ಮೇಲೆ ಅವಳು ಹಾಗೆ ಆಸೆಪಟ್ಟು ತಿಂದಿದ್ದು ನಾನು ನೋಡೇ ಇರ್ಲಿಲ್ಲ.

ಬಯಕೆ ಕೇಳೋದ್ರಲ್ಲಿ ವೈದ್ಯಕೀಯ ಲಾಭನೂ ಇದೆ. ಕೆಲವ್ರಿಗೆ ಮಣ್ಣು, ಬಳಪ, ಬೂದಿ ತಿನ್ಬೇಕು ಅನ್ಸುತ್ತೆ, ಕೆಲವ್ರಿಗೆ ಬರೀ ಐಸ್ ಕಡಿಬೇಕು ಅನ್ಸುತ್ತೆ, ಇದಕ್ಕೆ ಪೈಕಾ ಅಂತಾರೆ, ಎಷ್ಟೋ ಸಲ ಇದು ರಕ್ತಹೀನತೆ ಜೊತೆಗೇ ಬರುತ್ತೆ. ನಮ್ ದೇಶದಲ್ಲಿ ಬಸುರಿಯರಿಗೆಲ್ಲಾ ಕಬ್ಬಿಣದ ಮಾತ್ರೆ ಕೊಡೋ ಪದ್ಧತಿ, ಇಲ್ಲಿ ಹಾಗಲ್ಲ, ಶುರುವಲ್ಲಿ ಒಂದ್ಸಲ 28ನೇ ವಾರಕ್ಕೆ ಒಂದ್ಸಲ ರಕ್ತ ಪರೀಕ್ಷೆ ಮಾಡಿ ಹಿಮೋಗ್ಲೋಬಿನ್ ಕಮ್ಮಿ ಇದ್ರೆ ಮಾತ್ರ ಕೊಡ್ತಾರೆ. ನಡುವೆ ಯಾರಾದ್ರೂ ಬಾಯಿ ಬಿಟ್ಟು ಕೇಳಿದ್ರೆ ತಾನೇ ಆ ಹೆಂಗಸು ಹೇಳೋದು, ನಾಚಿಕೆ ಆಗೋ ವಿಷ್ಯ ಅದು. ಬಸುರಿಯರು ತಿನ್ನೋಕೆ ಅಂತ ಸುಟ್ಟ ಮಣ್ಣಿನ ತುಂಡು ಇಲ್ಲೂ ಕೆಲವು ಅಂಗಡೀಲಿ ಸಿಗ್ತಿತ್ತು, ಅದ್ರಲ್ಲಿ ಸೀಸ ಆರ್ಸೆನಿಕ್ ಇದೆ ತಿನ್ಬೇಡಿ ಅಂತ ಇಲ್ಲಿನ ಆಹಾರ ಸುರಕ್ಷತೆ ನೋಡೋ ಸಂಸ್ಥೆ ಎಚ್ಚರಿಕೆ ಕೊಟ್ಟಿದೆ. ಅಂಥ ಬಯಕೆ ಇದ್ರೆ ತೀರಿಸೋಕೆ ಹೋಗ್ಬಾರ್ದು, ಹಿಮೋಗ್ಲೋಬಿನ್ ನೋಡಿಸ್ಬೇಕು.

ಹಾಗೇ ಇಬ್ಬರ ಊಟ ತಿನ್ನು ಅನ್ನೋದನ್ನೂ ನಾನು ಒಪ್ಪಲ್ಲ. ಇಲ್ಲಿ ಹೇಳೋದು ಕೊನೇ 3 ತಿಂಗಳಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ ಜಾಸ್ತಿ ಸಾಕು ಅಂತ. ನಮ್ ಜನಕ್ಕೆ ಬಸುರಿಲಿ ಶುಗರ್ ಬರೋ ಸಾಧ್ಯತೆ ಜಾಸ್ತಿ ಅಂತ 24ರಿಂದ 28 ವಾರದೊಳಗೆ ಗ್ಲೂಕೋಸ್ ಕುಡಿಸಿ ಟೆಸ್ಟ್ ಮಾಡ್ತಾರೆ, ತಾಯಿ ಶುಗರ್ ಏರಿದ್ರೆ ಮಗು ವಿಪರೀತ ದಪ್ಪ ಆಗ್ಬೋದು, ಆಗ ಹೆರಿಗೆನೂ ಕಷ್ಟ.

ಇನ್ನು ಸೈಜ್. ಇದ್ರ ಬಗ್ಗೆ ನಂಗೆ ನಿಜವಾಗ್ಲೂ ಸಿಟ್ಟಿದೆ. ವಿಡಿಯೋ ಕಾಲಲ್ಲಿ ಎದ್ದು ನಿಂತ್ಕೋ ನೋಡೋಣ ಅಂತಾರೆ, ಒಬ್ರು ಹೊಟ್ಟೆನೇ ಕಾಣ್ತಿಲ್ವಲ್ಲೇ ಅಂತಾರೆ, ಅದೇ ಕಾಲಲ್ಲಿ ಇನ್ನೊಬ್ರು ಇಷ್ಟು ಬೇಗ ಇಷ್ಟು ದೊಡ್ಡದಾ ಅಂತಾರೆ, ಮಗು ದಪ್ಪ ಆದ್ರೆ ಹೆರಿಗೆ ಕಷ್ಟ, ಕಮ್ಮಿ ತಿನ್ನು ಅನ್ನೋರೂ ಇದಾರೆ, ಕಬ್ಬಿಣದ ಮಾತ್ರೆ ತಗೊಂಡ್ರೆ ಮಗು ದೊಡ್ಡದಾಗುತ್ತೆ ಅಂತ ಮಾತ್ರೆ ಬಿಡೋರೂ ಇದಾರೆ. ಫೋನ್ ಇಟ್ಮೇಲೆ ಅವಳು ಕನ್ನಡಿ ಮುಂದೆ ಅಡ್ಡ ತಿರುಗಿ ನಿಂತ್ಕೊಂಡು ನೋಡ್ಕೋತಾಳೆ, ರಾತ್ರಿ ನಿದ್ದೆ ಇಲ್ಲ. ಹೊರಗಿಂದ ಕಾಣೋ ಹೊಟ್ಟೆ ತಾಯಿ ಎತ್ತರ, ಹೊಟ್ಟೆಯ ಸ್ನಾಯು, ಮಗು ಮಲಗಿರೋ ರೀತಿ, ಇದು ಎಷ್ಟನೇ ಬಸುರು ಅನ್ನೋದ್ರ ಮೇಲೆಲ್ಲಾ ಇರುತ್ತೆ, ಕಣ್ಣಳತೆಗೆ ಮಗು ಸಿಗಲ್ಲ.

ಇಲ್ಲಿ ಎಲ್ಲಾ ಸರಿ ಇದ್ರೆ ಸ್ಕ್ಯಾನ್ ಸಾಮಾನ್ಯವಾಗಿ ಎರಡೇ, ಒಂದು 12ನೇ ವಾರದ ಆಸುಪಾಸು, ಇನ್ನೊಂದು 20ನೇ ವಾರದ ಆಸುಪಾಸು. ಊರಲ್ಲಿ ಪ್ರೈವೇಟ್ ಆಸ್ಪತ್ರೆಗೆ ಹೋಗೋರಿಗೆ ಇದು ತೀರಾ ಕಮ್ಮಿ ಅನ್ಸುತ್ತೆ. ಆದ್ರೆ 24 ವಾರ ಆದ್ಮೇಲೆ ಪ್ರತಿ ಭೇಟಿಲೂ ಮಿಡ್‌ವೈಫ್ ಬಟ್ಟೆ ಅಳೆಯೋ ಥರದ ಟೇಪು ತಗೊಂಡು ಗರ್ಭಕೋಶದ ಮೇಲ್ತುದಿಯಿಂದ ಕಿಬ್ಬೊಟ್ಟೆ ಕೆಳಗಿನ ಮೂಳೆವರೆಗೂ ಅಳೀತಾರೆ, ಅದೂ ಸೆಂಟಿಮೀಟರ್ ಕಾಣದ ಹಾಗೆ ಟೇಪನ್ನ ಮಗುಚಿ ಹಿಡಿದು, ಇಷ್ಟಿರ್ಬೇಕು ಅಂತ ಮೊದಲೇ ಮನಸ್ಸಲ್ಲಿ ಕೂತಿರ್ಬಾರ್ದು ಅಂತ. ಸುಮಾರು ಎಷ್ಟು ವಾರವೋ ಅಷ್ಟು ಸೆಂಟಿಮೀಟರ್. ಅದನ್ನ ಚಾರ್ಟ್ ಮೇಲೆ ಚುಕ್ಕಿ ಇಡ್ತಾರೆ, ಚುಕ್ಕಿಗಳು ಸೇರಿ ಗೆರೆ ಹೇಗೆ ಹೋಗ್ತಿದೆ ಅನ್ನೋದು ಮುಖ್ಯ, ಒಂದು ಚುಕ್ಕಿ ಅಲ್ಲ. ಗೆರೆ ಚಪ್ಪಟೆ ಆದ್ರೆ, ಅಂದ್ರೆ ಬೆಳವಣಿಗೆ ನಿಧಾನ ಆದ ಹಾಗೆ ಕಂಡ್ರೆ, ಸ್ಕ್ಯಾನಿಗೆ ಕಳಿಸ್ತಾರೆ. ಆ ಸ್ಕ್ಯಾನಿನ ತೂಕನೂ ತಲೆ, ಹೊಟ್ಟೆ, ತೊಡೆ ಮೂಳೆ ಅಳೆದು ಲೆಕ್ಕ ಹಾಕಿದ ಅಂದಾಜು, ಶೇಕಡಾ 10-15 ಆಚೀಚೆ ಆಗೋದು ಮಾಮೂಲಿ. 3 ಕೆಜಿ ಅಂದ್ರೆ 2.6 ಇರ್ಬೋದು 3.4 ಇರ್ಬೋದು, ಅದನ್ನ ಹಿಡ್ಕೊಂಡು ಅಳೋದು ಬೇಡ.

ಆಪ್‌ಗಳೂ ಸುಮ್ನಿರಲ್ಲ, ಈ ವಾರ ಮಗು ನಿಂಬೆಹಣ್ಣು, ಆ ವಾರ ಬಾಳೆಹಣ್ಣು ಅಂತಾವೆ. ಇಲ್ಲಿನ ಅಂಗಡಿಯ ಬಾಳೆಹಣ್ಣು ಬೇರೆ ನಮ್ಮ ಏಲಕ್ಕಿ ಬಾಳೆ ಬೇರೆ, ಜೊತೆಗೆ 20ನೇ ವಾರದ ತನಕ ತಲೆಯಿಂದ ಕುಂಡಿವರೆಗಿನ ಉದ್ದ ಹೇಳ್ತಾರೆ ಆಮೇಲೆ ಹಿಮ್ಮಡಿವರೆಗೆ, ಹಾಗಾಗಿ ಒಂದೇ ವಾರದಲ್ಲಿ ಮಗು ಭಾರಿ ಬೆಳೆದ ಹಾಗೆ ಕಾಣುತ್ತೆ.

ಹಾಗಂತ ತೂಕ ಮುಖ್ಯ ಅಲ್ಲ ಅಂತಲ್ಲ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅದೇ ಮಿಷನ್ ಆಸ್ಪತ್ರೆ, 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟಿತ್ತು. ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿಜ್ಞಾನಿಗಳು ಅಲ್ಲಿನ ಡಾಕ್ಟರ್‌ಗಳ ಜೊತೆ ಸೇರಿ ಆ ಮಕ್ಕಳನ್ನ ದೊಡ್ಡವರಾದ್ಮೇಲೆ ಹುಡುಕಿ ನೋಡಿದ್ರು, ಹುಟ್ಟುವಾಗ ಸಣ್ಣಗಿದ್ದವ್ರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇತ್ತು ಅಂತ 1996ರಲ್ಲಿ ಪ್ರಕಟ ಆಯ್ತು. ಡಯಾಬಿಟಿಸ್ ನೋಡಿದ್ರೆ ಉದ್ದಕ್ಕೆ ಮೀರಿ ದಪ್ಪ ಇದ್ದ ಮಕ್ಕಳಲ್ಲೇ ಜಾಸ್ತಿ. ಅಂದ್ರೆ ಸಣ್ಣದು ಕೆಟ್ಟದ್ದು ದೊಡ್ಡದು ಒಳ್ಳೇದು ಅನ್ನೋ ಸುಲಭದ ಲೆಕ್ಕ ಇಲ್ಲ. 2.5 ಕೆಜಿಗಿಂತ ಕಮ್ಮಿ ಇದ್ರೆ ಕಮ್ಮಿ ತೂಕ ಅನ್ನೋದು ಎಲ್ಲಾ ಕಡೆ ಒಂದೇ, ಆದ್ರೆ 2.8ರ ಮಗುನ ಇಲ್ಲಿನ ಪಕ್ಕದ ಮನೆಯ 3.6ರ ಮಗು ಜೊತೆ ಇಟ್ಟು ಪೀಚು ಅನ್ನೋದು ತಪ್ಪು. ಇಲ್ಲಿ ಎಷ್ಟೋ ಕಡೆ ತಾಯಿಯ ಎತ್ತರ, ತೂಕ, ಜನಾಂಗದ ಮೂಲ ನೋಡಿ ಅವಳಿಗೇ ಅಂತ ಚಾರ್ಟ್ ಹಾಕ್ತಾರೆ, ಅದು ನಂಗೆ ತುಂಬಾ ಹಿಡಿಸ್ತು.

ಊರಿಂದ ಕಾಲ್ ಮಾಡೋರು ಹೊಟ್ಟೆ ನೋಡೋ ಬದ್ಲು ಮಗು ಮಿಸುಕಾಡ್ತಿದ್ಯಾ ಅಂತ ಕೇಳಿ. ಸೈಜಿಗಿಂತ ಅವಸರದ ಪ್ರಶ್ನೆ ಅದು. ದಿನಾ ಆಡೋ ಮಗು ಕಮ್ಮಿ ಆಡ್ತಿದೆ ಅನ್ಸಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರಿ ಎಷ್ಟೊತ್ತಾದ್ರೂ ಫೋನ್ ಮಾಡಿ ಅಂತ ನಮ್ ಮಿಡ್‌ವೈಫ್ ಪ್ರತಿ ಸಲನೂ ಹೇಳ್ತಾರೆ, ಆ ನಂಬರ್ ನಮ್ಮಿಬ್ಬರ ಫೋನಲ್ಲೂ ಇದೆ.