ಫೈನ್ ಅಂದರೆ ಐನೂರು ರೂಪಾಯಿ

ಐನೂರು ರೂಪಾಯಿ ಹೋಯಿತು. ಇವತ್ತು ಬೆಳಿಗ್ಗೆ ಒಂಬತ್ತೂವರೆಗೆ, ಶಿರಸಿಯ ಯಲ್ಲಾಪುರ ನಾಕಾ ಹತ್ತಿರ. ಚೀಟಿ ಇನ್ನೂ ಅಂಗಿ ಕಿಸೆಯಲ್ಲೇ ಇದೆ. ಮಳೆಗೆ ನೆನೆದು ಅರ್ಧ ಅಕ್ಷರ ಮಾಸಿವೆ. 500 ಅನ್ನುವುದು ಮಾತ್ರ ಮಾಸಿಲ್ಲ.

ಪೊಲೀಸರದ್ದು ತಪ್ಪಿಲ್ಲ ಬಿಡಿ. ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ, ಹಿಡಿದರು. 2019ರಲ್ಲಿ ಕಾಯ್ದೆ ತಿದ್ದಿದಾಗ ದಿಲ್ಲಿಯವರು ಇದಕ್ಕೆ 1,000 ರೂಪಾಯಿ ಅಂತ ಮಾಡಿದ್ದರು, ನಮ್ಮ ರಾಜ್ಯದವರು 500ಕ್ಕೆ ಇಳಿಸಿದರು. ಹಾಗೆ ನೋಡಿದರೆ ನನಗೆ ಐನೂರು ರೂಪಾಯಿ ಉಳಿತಾಯವೇ ಆಗಿದೆ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಸಮಾಧಾನ ಆಗಲಿಲ್ಲ. ನನ್ನ ಸಿಟ್ಟೆಲ್ಲ ಒಂದು ಇಂಗ್ಲಿಷ್ ಶಬ್ದದ ಮೇಲೆ. ಸ್ವಲ್ಪ ನಮ್ಮ ಆಯಿಯ, ಅಂದರೆ ಅಮ್ಮನ ಮೇಲೂ.

ಆಯಿಗೆ ಈಗ ಎಪ್ಪತ್ತೊಂದು. ಇಂಗ್ಲಿಷ್ ಕಲಿಯುತ್ತಿದ್ದಾಳೆ. ಅಮೆರಿಕದಲ್ಲಿರುವ ಅಣ್ಣನ ಮಗನಿಗೆ ಕನ್ನಡ ಬರುವುದಿಲ್ಲ, ಭಾನುವಾರ ಫೋನ್ ಮಾಡಿದಾಗ ಅವನ ಹತ್ತಿರ ನಾಲ್ಕು ಮಾತಾಡಬೇಕು ಅಂತ ಆಸೆ. ಏಳನೇ ಕ್ಲಾಸಿನ ನನ್ನ ಮಗಳೇ ಮೇಷ್ಟ್ರು. ಹಳೆ ಅಡಿಕೆ ಲೆಕ್ಕದ ಪುಸ್ತಕವೇ ನೋಟ್‌ಬುಕ್. ಎಡಗಡೆ ಚಾಲಿ ಎಷ್ಟು ಚೀಲ ಅಂತ ಅಪ್ಪಯ್ಯನ ಕೈಬರಹ, ಬಲಗಡೆ ಆಯಿಯ ಇಂಗ್ಲಿಷ್, ಕನ್ನಡ ಅಕ್ಷರದಲ್ಲಿ. ವಾರಕ್ಕೊಂದು ಶಬ್ದ. ಪುಸ್ತಕಕ್ಕೆ ಬಂದ ಶಬ್ದದಿಂದ ಆ ವಾರ ಮನೆಯಲ್ಲಿ ಯಾರಿಗೂ ಬಿಡುಗಡೆ ಇಲ್ಲ. 'ಆಲ್‌ರೆಡಿ' ವಾರದಲ್ಲಿ ನನಗೆ ಎರಡು ದಿನ ಎರಡನೇ ಚಹಾ ಸಿಗಲಿಲ್ಲ. ಈಗ 'ಫೈನ್'. ಮೂರು ವಾರವಾಯಿತು, ಮುಗಿದೇ ಇಲ್ಲ. ದಿನಕ್ಕೊಂದು ಹೊಸ ಅರ್ಥ ಬಂದು ಸೇರುತ್ತಿದ್ದರೆ ಮುಗಿಯುವುದಾದರೂ ಹೇಗೆ?

ಶುರುವಾಗಿದ್ದು ಅಕ್ಕನ ಮಗನಿಂದ. ಬೆಂಗಳೂರಿನ ಅವನ ಆಫೀಸಿಗೆ ಇಂಗ್ಲೆಂಡಿನಿಂದ ಬಂದವನೊಬ್ಬನಿಗೆ ಯಾಣ ನೋಡುವ ಆಸೆಯಾಯಿತಂತೆ. ಜುಲೈ ತಿಂಗಳಲ್ಲಿ ಯಾಣಕ್ಕೆ ಯಾರಾದರೂ ಹೋಗುತ್ತಾರಾ? ಹೋದರು. ಬರುವಾಗ ಊಟಕ್ಕೆ ನಮ್ಮನೆಗೆ ಬಂದರು. ಆರಡಿ ಎತ್ತರದ ಹುಡುಗ. ತಲೆಯಿಂದ ನೀರು ಇಳಿಯುತ್ತಿದೆ, ಬಿಳಿ ಸಾಕ್ಸ್ ಕೆಂಪಾಗಿದೆ. ಉಂಬಳ, ಅಂದರೆ ಜಿಗಣೆ! ಒಂದಲ್ಲ, ನಾಲ್ಕು. ಆಯಿ ಕವಳದ ತಬಕಿನಿಂದ ಸುಣ್ಣ ತೆಗೆದುಕೊಂಡು ಓಡಿ ಬಂದರೆ ಅವನು ನಗುತ್ತಾ 'ಐ ಆಮ್ ಫೈನ್, ಐ ಆಮ್ ಫೈನ್' ಅನ್ನುತ್ತಿದ್ದಾನೆ.

"ಎಂತ ಹೇಳ್ತಾ ಇದ್ದ?" ಆಯಿ ಕೇಳಿದಳು.

"ಚೊಲೋ ಇದ್ದಿ ಹೇಳ್ತಾ ಇದ್ದ" ಅಂದಳು ಮೇಷ್ಟ್ರು.

ರಕ್ತ ಸೋರುತ್ತಿದ್ದರೂ ಚೊಲೋ ಇದ್ದಿ, ಚೆನ್ನಾಗಿದ್ದೇನೆ ಅನ್ನುವ ಹುಡುಗನ ಮೇಲೆ ಆಯಿಗೆ ಅಲ್ಲೇ ಪ್ರೀತಿ ಹುಟ್ಟಿತು. ಅವನ ಗ್ರಹಚಾರ ಶುರುವಾದದ್ದೂ ಅಲ್ಲಿಂದಲೇ.

ಬಾಳೆಲೆ ಹಾಕಿತ್ತು. ತಂಬುಳಿ, ಅಪ್ಪೆಹುಳಿ, ಜೊತೆಗೆ ಹಲಸಿನಹಣ್ಣಿನ ಕಡುಬು. ಎರಡು ಕಡುಬು, ಮೇಲೆ ಧಾರಾಳ ತುಪ್ಪ. ಅವನು ಚಪ್ಪರಿಸಿ ತಿಂದ. ಆಯಿ ಮೂರನೆಯದನ್ನು ಹಿಡಿದು ನಿಂತಳು. ಅವನು ಕೈ ಅಲ್ಲಾಡಿಸಿ 'ಐ ಆಮ್ ಫೈನ್' ಅಂದ. ಆಯಿಗೆ ಆ ವಾಕ್ಯದ ಅರ್ಥ ಈಗಷ್ಟೇ ಗೊತ್ತಾಗಿತ್ತಲ್ಲ, ಬಡಿಸಿದಳು. ಎಲೆ ಮೇಲೆ ಬಿದ್ದದ್ದನ್ನು ಬಿಡಬಾರದು ಅಂತ ನಮ್ಮ ಅಳಿಯ ಅವನಿಗೆ ಮೊದಲೇ ಹೇಳಿಕೊಟ್ಟಿದ್ದ. ತಿಂದ. ನಾಲ್ಕನೆಯದು ಬಂತು. 'ನೋ ನೋ, ಐ ಆಮ್ ಫೈನ್, ರಿಯಲೀ.' ನಮ್ಮ ಕಡೆ ಬೇಡ ಅನ್ನುವುದು ಊಟದ ಪದ್ಧತಿ, ಅದನ್ನು ಯಾರೂ ನಂಬುವುದಿಲ್ಲ. 'ನೋ' ಅಂದದ್ದು ಆ ಲೆಕ್ಕಕ್ಕೆ ಹೋಯಿತು, 'ಫೈನ್' ಈ ಲೆಕ್ಕಕ್ಕೆ ಬಂತು. ಬಿತ್ತು ನಾಲ್ಕನೆಯದು. ಐದನೆಯದಕ್ಕೆ ಅವನ ದನಿ ಸಣ್ಣಗಾಗಿತ್ತು. ಅವನ ಹಣೆಯಲ್ಲಿ ಬೆವರು. ತುಪ್ಪದ ಗಿಂಡಿ ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೆ ಯಾಕೋ ಅನುಮಾನ ಬಂದು, "ಆಯಿ, ಸಾಕೇನೋ" ಅಂದೆ.

"ಚೊಲೋ ಇದ್ದಿ ಹೇಳಿ ಅವನೇ ಹೇಳ್ತಾ ಇದ್ದ, ಬಡಸಲೆ ಎಂತ ಅಡ್ಡಿ?"

ಬಿಡಿಸಿ ಹೇಳಬೇಕಾಗಿದ್ದ ಅಳಿಯ ಊಟದ ನಡುವೆ ಫೋನ್ ಬಂತು ಅಂತ ಎದ್ದು ಹೋಗಿದ್ದ. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ದಣಪೆ, ಅಂದರೆ ಅಂಗಳದಾಚೆಯ ಗೇಟಿನ ಹತ್ತಿರ ಮಾತ್ರ. ಅವನು ಕೊಡೆ ಮಡಚಿ ಒಳಗೆ ಬರುವಷ್ಟರಲ್ಲಿ ಆರು ಮುಗಿದಿತ್ತು. ಗೆಳೆಯನ ಮುಖ ನೋಡಿದವನೇ ಆಯಿಯ ಕೈ ಹಿಡಿದುಕೊಂಡ. ತಿನ್ನಲು ಏನಾದರೂ ಕೊಟ್ಟಾಗ 'ಐ ಆಮ್ ಫೈನ್' ಅಂದರೆ ಸಾಕು, ಬೇಡ ಅಂತ ಅರ್ಥವಂತೆ. ಬೇಕು ಅನ್ನುವ ಅರ್ಥ ಅದರಲ್ಲಿ ಒಂದು ಚೂರೂ ಇಲ್ಲವಂತೆ. ಅದೇ, 'ನಾಳೆ ಬರಲಾ?' ಅಂತ ಕೇಳಿದಾಗ 'ದಟ್ಸ್ ಫೈನ್' ಅಂದರೆ ಆಗಲಿ, ಬಾ ಅಂತ. 'ಐ ಆಮ್' ಹಚ್ಚಿದರೆ ಬೇಡ, 'ದಟ್ಸ್' ಹಚ್ಚಿದರೆ ಆಗಲಿ. ಇಂಥ ಭಾಷೆ ಇಟ್ಟುಕೊಂಡು ಅವರು ಜಗತ್ತನ್ನು ಹೇಗೆ ಆಳಿದರೋ.

ಐದನೇ ಕ್ಲಾಸಿನಿಂದ 'ಹೌ ಆರ್ ಯೂ? ಐ ಆಮ್ ಫೈನ್, ಥ್ಯಾಂಕ್ ಯೂ' ಅಂತ ಬಾಯಿಪಾಠ ಮಾಡಿದವನು ನಾನು. ಜ್ವರ ಬಂದು ಬೆಂಚಿನ ಮೇಲೆ ಮಲಗಿದ್ದಾಗಲೂ ಹಾಗೇ ಹೇಳಿದ್ದೆ. ಕಡುಬಿನ ವಿಷಯ ಪಾಠದಲ್ಲಿ ಇರಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ತೋಟಕ್ಕೆ ಮದ್ದು ಹೊಡೆಯಲು ಕೊನೆಗೌಡ ಬಂದ. ಕೊಳೆ ರೋಗಕ್ಕೆ ಬೋರ್ಡೋ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮಳೆ ಸ್ವಲ್ಪ ಹೊಳವಾದದ್ದೇ ತಡ, ಎಲ್ಲರ ತೋಟದಲ್ಲೂ ಗಡಿಬಿಡಿ. "ಈ ಸಲ ನೊಜಲ್ ಫೈನ್ ಅದೆ, ಹನಿ ಸಣ್ಣ ಬರ್ತದೆ" ಅಂದ ಗೌಡ. ಆಯಿ ಪುಸ್ತಕ ತರಲು ಒಳಗೆ ಓಡಿದಳು. ಸಣ್ಣ, ತೆಳು, ನುಣುಪು, ಇದಕ್ಕೂ ಫೈನ್. ಹಾಗಾದರೆ ಗಡಿಗೆ ಮೇಲೆ ಕಾಗದದ ಹಾಗೆ ತೆಗೆಯುವ ತನ್ನ ತೊಡೆದೇವೂ ಫೈನ್ ಅಲ್ವಾ ಅಂತ ಕೇಳಿದಳು. ಹೌದು ಅಂದೆವು. ಅವತ್ತೊಂದು ದಿನ ಇಂಗ್ಲಿಷ್ ಮೇಲೆ ಆಯಿಗೆ ಪೂರ್ತಿ ಒಪ್ಪಿಗೆ ಇತ್ತು. ಇಂಗ್ಲಿಷಿನವರು ಮಳೆಯಿಲ್ಲದ ದಿನವನ್ನೂ ಫೈನ್ ಅನ್ನುತ್ತಾರೆ ಅಂತ ಮಗಳು ಹೇಳಿದಾಗ ಮಾತ್ರ, ಆಗಸ್ಟ್ ಮುಗಿಯುವವರೆಗೆ ಆ ಅರ್ಥ ಬೇಡ ಅಂತ ಬಿಟ್ಟಳು.

ಮತ್ತೆ ತಕರಾರು ಎದ್ದದ್ದು ಲೈಬ್ರರಿ ಪುಸ್ತಕದಿಂದ. ತಡವಾಗಿ ಕೊಟ್ಟದ್ದಕ್ಕೆ ಮಗಳಿಗೆ ಹತ್ತು ರೂಪಾಯಿ ಫೈನ್ ಬಿತ್ತು. ದುಡ್ಡು ಹೋಗುವುದಕ್ಕೂ ಚೊಲೋ ಇರುವುದಕ್ಕೂ ಒಂದೇ ಶಬ್ದವಾ? ಆಯಿ ನನ್ನನ್ನೇ ಹಿಡಿದಳು. ನಾನು ಹುಡುಕಿ ನೋಡಿದೆ. ಎರಡರ ಬೇರೂ ಒಂದೇ, ಲ್ಯಾಟಿನ್ನಿನ 'ಫಿನಿಸ್'. ಅಂದರೆ ಕೊನೆ, ಮುಕ್ತಾಯ. ಕೊನೆ ಮುಟ್ಟುವವರೆಗೆ ತಿದ್ದಿ ತೀಡಿದ್ದು ಚೆನ್ನಾಗಿರುತ್ತದೆ, ಹಾಗಾಗಿ ಫೈನ್. ದುಡ್ಡು ಕೊಟ್ಟು ತಂಟೆ ಮುಗಿಸಿಕೊಂಡರೆ ಅದೂ ಫೈನ್. ಫಿನಿಶ್, ಫೈನಲ್, ಫೈನಾನ್ಸ್ ಎಲ್ಲ ಅದೇ ಸಂಸಾರದವು. ಫ್ರೆಂಚ್ ಸಿನಿಮಾ ಮುಗಿದಾಗ ಪರದೆ ಮೇಲೆ ಬರುವ ಮೂರು ಅಕ್ಷರವೂ ಅದೇ.

ಆಯಿ ಎಲ್ಲ ಕೇಳಿ, "ನಮ್ಮ ದಂಡ ಹಂಗೆಲ್ಲ ಇಲ್ಲೆ" ಅಂದಳು. ಇದೆ ಆಯಿ. ಕೋಲಿಗೂ ದಂಡ, ಕಟ್ಟುವ ದುಡ್ಡಿಗೂ ದಂಡ, ಸುಮ್ನೆ ಹಾಳಾದರೂ ದಂಡ. ಒಂದು ಎತ್ವ ಕೊಟ್ಟರೆ ಹೊಳೆಗೂ ದಂಡೆ, ಕುಮಟೆ ಪೇಟೆಯಲ್ಲಿ ಮುಡಿಗೆ ಕೊಳ್ಳುವ ಅಬ್ಬಲಿಗೆಗೂ ದಂಡೆ. ಆ ಇಂಗ್ಲೆಂಡಿನ ಹುಡುಗ ಕನ್ನಡ ಕಲಿಯಲು ಬಂದರೆ ಅವನಿಗೆ ಆರು ಕಡುಬಿನಲ್ಲಿ ಮುಗಿಯುವುದಿಲ್ಲ.

ನಿಜ ಹೇಳಬೇಕೆಂದರೆ ನಮಗೆ ಈ ಶಬ್ದದ ದರ್ದೇ ಇರಲಿಲ್ಲ. ನಮ್ಮಲ್ಲಿ 'ಅಡ್ಡಿಲ್ಲೆ' ಇದೆ. ಊಟ ಎಷ್ಟೇ ರುಚಿಯಾಗಿರಲಿ, ಎಲೆಯಿಂದ ಏಳುವಾಗ ಅಡ್ಡಿಲ್ಲೆ ಅನ್ನುತ್ತೇವೆ. ಅದಕ್ಕಿಂತ ದೊಡ್ಡ ಹೊಗಳಿಕೆ ನಮ್ಮ ಬಾಯಲ್ಲಿ ಇಲ್ಲ. ಕೂಸು ನೋಡಿ ಬಂದವರು ಅಡ್ಡಿಲ್ಲೆ ಅಂದರೆ ಮದುವೆ ನಿಕ್ಕಿ. ಸೊಂಟ ನೋವು ಹೇಗಿದೆ ಅಂದರೂ ಅಡ್ಡಿಲ್ಲೆ, ಹಾಲು ಒಡೆದಿದೆ ಅಂದರೂ ಅಡ್ಡಿಲ್ಲೆ. ಎಷ್ಟು ಎಳೆದು ಹೇಳಿದರು ಅನ್ನುವುದರ ಮೇಲೆ ಅರ್ಥ. ಇದನ್ನು ಹೇಳಿದಾಗ ಆಯಿಯ ಮುಖ ಅರಳಿತು. "ಮತ್ತೆ ಮೊದಲೇ ಹೇಳಲೆ ಎಂತ ಆಗಿತ್ತು?" ಅಂತ ನನಗೇ ಬೈದಳು.

ಭಾನುವಾರ ಸಂಜೆ ದಣಪೆ ಹತ್ತಿರ ನಾನು ಕೊಡೆ ಹಿಡಿದೆ, ಆಯಿ ಫೋನ್ ಹಿಡಿದಳು. ಮೊಮ್ಮಗ ಪರದೆ ಮೇಲೆ ಬಂದ. ಅವನಿಗೆ ಒಂಬತ್ತು ವರ್ಷ.

"ಹೌ ಆರ್ ಯೂ?"

"ಫೈನ್."

"ಸ್ಕೂಲ್?"

"ಫೈನ್."

"ಆಯಿ, ಅಪ್ಪ?"

"ದೇ ಆರ್ ಫೈನ್."

ಅಲ್ಲಿಗೆ ಮುಗಿಯಿತು. ಆಯಿ ಒಂದು ವಾರ ತಯಾರಿ ಮಾಡಿದ್ದಳು. ಕಡುಬಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಬೇಕು ಅಂತ ಏಳು ಸಾಲು ಬರೆದುಕೊಂಡಿದ್ದಳು. ಚೀಟಿ ಸೆರಗಿನ ಗಂಟಿನಲ್ಲೇ ಉಳಿಯಿತು. ಹುಡುಗ ಯಾವುದೋ ಆಟದ ಕಡೆ ನೋಡುತ್ತಿದ್ದ, ಅವನದ್ದೂ ತಪ್ಪಲ್ಲ. ವಾಪಸ್ ಬರುವಾಗ ಆಯಿ ಕೇಳಿದಳು: "ಅವಂಗೆ ಬೇರೆ ಶಬ್ದ ಗೊತ್ತಿಲ್ಯನ?" ನಾನು ಕೊಡೆಯನ್ನು ಅವಳ ಕಡೆ ಸ್ವಲ್ಪ ಜಾಸ್ತಿ ವಾಲಿಸಿದೆ, ಅಷ್ಟೇ.

ಇನ್ನು ಇವತ್ತಿನ ಬೆಳಿಗ್ಗೆಗೆ ಬರುತ್ತೇನೆ. ಹೊಸ ರೇನ್‌ಕೋಟ್ ಹಾಕಿಕೊಂಡು ಸ್ಕೂಟರ್ ಶುರು ಮಾಡಿದ್ದೆ. ನೀಲಿ ಬಣ್ಣದ್ದು, ನನಗೆ ಒಪ್ಪುತ್ತದೆ ಅಂತ ಅಂಗಡಿಯವನೂ ಹೇಳಿದ್ದ. ಆಯಿ ಜಗಲಿಗೆ ಬಂದು ಕೂಗಿದಳು: "ತಮಾ, ಫೈನ್!"

ಖುಷಿಯಾಯಿತು. ತಿರುಗಿ ನಕ್ಕೆ. "ಥ್ಯಾಂಕ್ ಯೂ ಆಯಿ!"

"ಫೈನ್! ಫೈನ್!" ಅಂಗಳಕ್ಕೇ ಇಳಿದು ಬಂದಳು. ಮಳೆಯಲ್ಲಿ ಕೈಯಲ್ಲೇನೋ ಎತ್ತಿ ಹಿಡಿದಿದ್ದಳು, ಸರಿಯಾಗಿ ಕಾಣಲಿಲ್ಲ. ಇಷ್ಟು ಹೊಗಳುವ ಹೆಂಗಸಲ್ಲವಲ್ಲ ಅಂತ ಒಂದು ಕ್ಷಣ ಅನ್ನಿಸಿತು. ಆದರೂ ಕೈ ಬೀಸಿ ದಣಪೆ ದಾಟಿದೆ.

ಸಂಜೆ ಮನೆಗೆ ಬಂದಾಗ ಹೆಲ್ಮೆಟ್ ಜಗಲಿ ಕಟ್ಟೆಯ ಮೇಲೆ ಕೂತಿತ್ತು. ಪಕ್ಕದಲ್ಲಿ ಆಯಿ ಕವಳ ಹಾಕುತ್ತಾ ಕೂತಿದ್ದಳು. ನನ್ನ ಮುಖ ನೋಡಿ, "ಎಷ್ಟು ಹೋತು?" ಅಂದಳು.

"ಐನೂರು."

"ಫೈನ್" ಅಂದಳು.

ಯಾವ ಫೈನ್ ಅಂತ ನಾನು ಕೇಳಲಿಲ್ಲ.